ಗೋಡೆಯ ಕೆಲಸಕ್ಕೆ ನೆರೆಯವರ ಜಾಗ ಬೇಕಾದಾಗ ಅವರನ್ನು ಒಪ್ಪಿಸುವುದು ಹೇಗೆ?

ಗಡಿಗೆ ಅಂಟಿಕೊಂಡಿರುವ ಗೋಡೆಯ ಹೊರಮೈಗೆ ಗಿಲಾವು ಮಾಡಿಸಲು ಪಕ್ಕದವರ ಅಂಗಳದಲ್ಲಿ ಸಾರುವೆ (ಕೆಲಸಗಾರರು ಎತ್ತರದಲ್ಲಿ ನಿಲ್ಲಲು ಕಟ್ಟುವ ತಾತ್ಕಾಲಿಕ ಚೌಕಟ್ಟು) ಕಟ್ಟಬೇಕಾಗಿದೆ ಎಂದಿದ್ದೀರಿ. ಗುತ್ತಿಗೆದಾರರನ್ನು ಕಳುಹಿಸದೆ, ಕೆಲಸದ ದಿನ ಗೊತ್ತುಮಾಡುವ ಮೊದಲೇ, ನೀವೇ ಹೋಗಿ ಮಾತನಾಡಿ. ಎಲ್ಲವೂ ನಿರ್ಧಾರವಾದ ಮೇಲೆ ಕೇಳುವ ಒಪ್ಪಿಗೆ ನೋಟೀಸಿನಂತೆ ಕಾಣುತ್ತದೆ.

ನೆರೆಯವರ ಆತಂಕವಿರುವುದು ಹೆಚ್ಚಾಗಿ ಜಾಗದ ಬಗ್ಗೆ ಅಲ್ಲ, ಅವಧಿ ಮತ್ತು ಹಾನಿಯ ಬಗ್ಗೆ. ಆದ್ದರಿಂದ ಎಷ್ಟು ಅಗಲದ ಜಾಗ ಬೇಕು, ಕೆಲಸಗಾರರು ಯಾವ ಹೊತ್ತಿನಲ್ಲಿ ಬರುತ್ತಾರೆ, ಸಾರುವೆಯನ್ನು ಎಂದು ಬಿಚ್ಚಲಾಗುತ್ತದೆ, ಗಿಡವೋ ನೆಲಹಾಸೋ ಹಾಳಾದರೆ ಎಷ್ಟು ದಿನದೊಳಗೆ ಸರಿಪಡಿಸಿಕೊಡುತ್ತೀರಿ ಎಂಬುದನ್ನೆಲ್ಲ ಒಂದೇ ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಇದು ತಾತ್ಕಾಲಿಕ ಅನುಮತಿಯೇ ಹೊರತು ಆ ಜಾಗದ ಮೇಲೆ ನಿಮಗೆ ಯಾವ ಹಕ್ಕನ್ನೂ ಕೊಡುವುದಿಲ್ಲ ಎಂಬ ಸಾಲನ್ನು, ಅವರು ಕೇಳದಿದ್ದರೂ, ನೀವೇ ಸೇರಿಸಿ. ನನ್ನ ಅಭಿಪ್ರಾಯದಲ್ಲಿ ಹಣಕ್ಕಿಂತ ಈ ಒಂದು ಸಾಲು ಹೆಚ್ಚು ಕೆಲಸ ಮಾಡುತ್ತದೆ. ಅವರ ಎದುರಿನಲ್ಲೇ ಅವರ ಗೋಡೆಯ ಹಳೆಯ ಬಿರುಕುಗಳ ಫೋಟೊ ತೆಗೆದು ಒಂದು ಪ್ರತಿಯನ್ನು ಅವರಿಗೂ ಕೊಡಿ.

ಪಾಯ ಅಗೆಯುವುದಿದ್ದರೆ ಮಾತು ಬೇರೆ. ಅವರ ಪಾಯಕ್ಕಿಂತ ಆಳಕ್ಕೆ ಹೋದರೆ ಅದರಡಿಯ ಮಣ್ಣು ಜಾರಿ ಗೋಡೆ ಕುಸಿಯಬಹುದಾದ್ದರಿಂದ, ಅದನ್ನು ತಡೆಯುವ ವ್ಯವಸ್ಥೆಯ ವಿನ್ಯಾಸವನ್ನು ಅವರೇ ಆರಿಸಿದ ಎಂಜಿನಿಯರ್ ಪರಿಶೀಲಿಸಲಿ, ಶುಲ್ಕವನ್ನು ನೀವು ಭರಿಸಿ.

ಅವರು ಒಪ್ಪದಿದ್ದರೆ, ಚಾವಣಿಯಿಂದ ಇಳಿಬಿಡುವ ತೂಗು ಅಟ್ಟಣಿಗೆಯಿಂದ ಕೆಲಸ ಸಾಧ್ಯವೇ ಎಂದು ವಿಚಾರಿಸಿ. ಆದರೆ ಅದೂ ಗಡಿಯಾಚೆಯ ಗಾಳಿಯಲ್ಲಿ ತೂಗುವುದಾದರೆ ಅನುಮತಿ ಬೇಕಾಗಬಹುದು.