ಮಂತ್ರದಿಂದಲೇ ವಿಜ್ಞಾನ ಹುಟ್ಟಿದ್ದರೆ ಹಾವಿನ ಮಂತ್ರವನ್ನು ಯಾಕೆ ನಂಬಬಾರದು?

ನೀವು ಎರಡು ಮಾತು ಕೇಳಿದ್ದೀರಿ. ಹಳೆಯ ಕಾಲದ ಮಾಟ, ಮಂತ್ರ, ಲೋಹವನ್ನು ಚಿನ್ನ ಮಾಡಲು ಹೊರಟ ರಸವಿದ್ಯೆ, ಇವುಗಳಿಂದಲೇ ಈಗಿನ ವಿಜ್ಞಾನ, ಔಷಧಿ ಬಂದವಾ? ಬಂದಿದ್ದರೆ, ಊರಲ್ಲಿ ಹಾವಿನ ಮಂತ್ರ ಹಾಕುವವರನ್ನು ಯಾಕೆ ಸುಳ್ಳು ಅನ್ನಬೇಕು? ಮೊದಲನೆಯದಕ್ಕೆ ನನ್ನ ಉತ್ತರ: ಕೆಲವು ಮಟ್ಟಿಗೆ ಹೌದು. ಎರಡನೆಯದಕ್ಕೆ ಸ್ವಲ್ಪ ಉದ್ದ ಹೇಳಬೇಕಾಗುತ್ತದೆ. ನಾನು ವಿಜಯಪುರ ಜಿಲ್ಲೆಯಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡವನು, ಇತಿಹಾಸದ ಪಂಡಿತನಲ್ಲ.

ನ್ಯೂಟನ್ ರಸವಿದ್ಯೆಯ ಬಗ್ಗೆ ರಾಶಿಗಟ್ಟಲೆ ಬರೆದಿಟ್ಟಿದ್ದ. ಅದನ್ನೆಲ್ಲ ಬಹುತೇಕ ತನ್ನ ಹತ್ತಿರವೇ ಮುಚ್ಚಿಟ್ಟುಕೊಂಡ. 1936ರಲ್ಲಿ ಲಂಡನ್ನಿನಲ್ಲಿ ಆ ಕಾಗದಗಳು ಹರಾಜಿಗೆ ಬಂದ ಮೇಲೆ ಜನಕ್ಕೆ ಅದರ ಪೂರ್ತಿ ಅಂದಾಜು ಸಿಕ್ಕಿತು. ಆದರೆ ಗುರುತ್ವದ ಲೆಕ್ಕವನ್ನು ಅವನು 1687ರಲ್ಲೇ ಅಚ್ಚು ಹಾಕಿಸಿದ್ದ. ಬೇರೆಯವರು ಅದನ್ನು ಪರೀಕ್ಷಿಸಿದರು, ಜಗಳವಾಡಿದರು, ತಿದ್ದಿದರು, ಬೆಳೆಸಿದರು. ಎರಡೂ ಒಂದೇ ತಲೆಯಿಂದ ಬಂದಿದ್ದವು ನೋಡಿ.

ಔಷಧಿಯ ಕಥೆ ನನಗೆ ಇನ್ನೂ ಇಷ್ಟ. 1775ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್‌ಗೆ ಒಂದು ಮನೆಮದ್ದು ತೋರಿಸಿದರು. ಮೈಯಲ್ಲಿ ನೀರು ತುಂಬಿ ಬಾವು ಬರುವ ಕಾಯಿಲೆಗೆ ಶ್ರಾಪ್‌ಶೈರ್‌ನ ಒಬ್ಬ ಮುದುಕಿ ಗುಟ್ಟಾಗಿ ಕೊಡುತ್ತಿದ್ದ ಮದ್ದು. ದೊಡ್ಡ ವೈದ್ಯರು ಕೈಬಿಟ್ಟವರೂ ಕೆಲವರು ಅದರಿಂದ ಗುಣವಾಗಿದ್ದರಂತೆ. ಅದರಲ್ಲಿ ಇಪ್ಪತ್ತೋ ಇನ್ನೂ ಜಾಸ್ತಿಯೋ ಬಗೆಯ ಸೊಪ್ಪು. ಕೆಲಸ ಮಾಡುವುದು ಫಾಕ್ಸ್‌ಗ್ಲವ್ ಗಿಡ ಒಂದೇ ಅಂತ ವಿದರಿಂಗ್ ಗುರುತಿಸಿದ. ಆಮೇಲೆ ಹತ್ತು ವರ್ಷ ರೋಗಿಗಳಿಗೆ ಕೊಟ್ಟು ನೋಡಿ, ಎಷ್ಟು ಕೊಟ್ಟೆ, ಏನಾಯಿತು ಅಂತ 1785ರಲ್ಲಿ ಪುಸ್ತಕ ಮಾಡಿದ. ಗುಣವಾದವರನ್ನಷ್ಟೇ ಅಲ್ಲ, ಆಗದವರನ್ನೂ ಬರೆದ. ಆ ಗಿಡದ ಜಾತಿಯಿಂದಲೇ ಬಂದ ಡಿಗಾಕ್ಸಿನ್ ಅನ್ನೋ ಹೃದಯದ ಗುಳಿಗೆಯನ್ನು ನಾನು ಇವತ್ತೂ ಡಾಕ್ಟರ್ ಚೀಟಿ ನೋಡಿ ಕೊಡುತ್ತೇನೆ. ಸ್ವಲ್ಪ ಜಾಸ್ತಿಯಾದರೆ ಹೃದಯದ ಬಡಿತವೇ ಕೆಡುತ್ತದೆ. ಮುದುಕಿಯ ಸೊಪ್ಪಿನಲ್ಲಿ ಗುಣವೂ ಇತ್ತು, ವಿಷವೂ ಇತ್ತು.

ಈಗ ನಮ್ಮ ಕಡೆ ಬನ್ನಿ. ವಿಷ ಇಳಿಸುವವರನ್ನು ಯಾವ ಬೇರು ಅಂತ ಕೇಳಿ. ಹೇಳಿದರೆ ಗುಣ ಹೋಗುತ್ತದೆ ಅಂತಾರೆ. ಎಷ್ಟು ಜನ ಬದುಕಿದರು ಅಂದರೆ ಹೆಸರು ಹಿಡಿದು ಹೇಳುತ್ತಾರೆ. ಎಷ್ಟು ಜನ ಸತ್ತರು ಅಂದರೆ? ತಡ ಮಾಡಿ ತಂದರು, ಮೈಲಿಗೆ ಆಯಿತು, ಹಣೆಬರಹ. ಬದುಕಿದವರ ಕಥೆಯೂ ಸುಳ್ಳೇನಲ್ಲ. ನಮ್ಮಲ್ಲಿ ಬಹಳಷ್ಟು ಹಾವುಗಳಿಗೆ ವಿಷವೇ ಇಲ್ಲ. ನಾಗರಹಾವೂ ಒಮ್ಮೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಅಂಥವರು ಸುಮ್ನೆ ಮಲಗಿದ್ದರೂ ಏಳುತ್ತಿದ್ದರು ಅಲ್ವಾ? ಅದು ಮಂತ್ರದ ಖಾತೆಗೆ ಜಮೆ. ಕಟ್ಟು ಹಾವಿನದು ಬೇರೆ ಕಥೆ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತದೆ, ನೋವು ಅಷ್ಟಾಗಿ ಗೊತ್ತಾಗುವುದಿಲ್ಲ. ಕೆಲವು ಗಂಟೆ ಬಿಟ್ಟು ರೆಪ್ಪೆ ಜೋತು ಬೀಳುತ್ತದೆ, ಆಮೇಲೆ ಉಸಿರಾಟವೇ ನಿಲ್ಲಬಹುದು. ನಡುವಿನ ಆ ಗಂಟೆಗಳನ್ನೇ ಮಂತ್ರ ತಿನ್ನುವುದು. ನನಗೆ ಸಿಟ್ಟು ಬರುವುದು ಇಲ್ಲಿ.

ಹಳೆಯ ವಿದ್ಯೆಯನ್ನೆಲ್ಲ ಬಿಸಾಡಿ ಅಂತ ನಾನು ಹೇಳುತ್ತಿಲ್ಲ. ತಮಿಳುನಾಡಿನ ಇರುಳರು ತಲೆತಲಾಂತರದಿಂದ ಹಾವು ಹಿಡಿಯುವವರು. 1978ರಲ್ಲಿ ಅವರದೇ ಸಹಕಾರ ಸಂಘವಾಯಿತು. ಅವರು ತೆಗೆಯುವ ವಿಷವನ್ನು ಔಷಧ ಕಂಪನಿಗಳು ಸ್ವಲ್ಪ ಸ್ವಲ್ಪವಾಗಿ ಕುದುರೆಗೆ ಚುಚ್ಚಿ, ಅದರ ರಕ್ತದಿಂದ ಹಾವಿನ ವಿಷ ಇಳಿಸುವ ಇಂಜೆಕ್ಷನ್ ತಯಾರಿಸುತ್ತವೆ. ನಮ್ಮ ಬೆಳಗಾವಿಯಲ್ಲೇ ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ರಾಷ್ಟ್ರೀಯ ಸಾಂಪ್ರದಾಯಿಕ ಔಷಧ ಸಂಸ್ಥೆ ಇದೆ. ನಾಟಿ ಮದ್ದುಗಳ ಸಂಶೋಧನೆಯೇ ಅದರ ಕೆಲಸ. ಬೇರಿನಲ್ಲಿ ಗುಣ ಇದ್ದರೆ ಅದನ್ನು ತೋರಿಸಲು ದಾರಿ ಇದೆ. ಗುಟ್ಟು ಬಿಡಬೇಕು ಅಷ್ಟೆ.

ಇನ್ನೊಂದು ವಿಷಯ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಆಸ್ಪತ್ರೆಗೆ ಬಂದವರಲ್ಲಿ ಉಳಿದವರೆಷ್ಟು, ಸತ್ತವರೆಷ್ಟು ಅಂತ ಲೆಕ್ಕ ಕೊಡಲೇಬೇಕು. ನಿಮ್ಮೂರಿನ ಮಂತ್ರದವರ ಹತ್ತಿರ ಅಂಥ ಲೆಕ್ಕ ಇದ್ದರೆ ಕೇಳಿ ನೋಡಿ, ನಾನೂ ಓದುತ್ತೇನೆ. ಆದರೆ ಯಾರಿಗಾದರೂ ಹಾವು ಕಚ್ಚಿದ ದಿನ ಅದನ್ನು ಕೇಳುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.