ದಿ ಕ್ರೌನ್‌ನಲ್ಲಿ ಒಲಿವಿಯಾ ಕೋಲ್ಮನ್ ಎಲ್ಲಿ?
ದಿ ಫೇವರಿಟ್ ಸಿನಿಮಾದಲ್ಲಿ ನಟಿ ಒಲಿವಿಯಾ ಕೋಲ್ಮನ್ ಅವರನ್ನು ಮೆಚ್ಚಿ, ಬ್ರಿಟನ್ನಿನ ರಾಣಿ ಎಲಿಜಬೆತ್ ಕುರಿತ ಧಾರಾವಾಹಿ ದಿ ಕ್ರೌನ್ ನೋಡಲು ಕೂತರೆ ಆರು ಎಪಿಸೋಡ್ ಆದರೂ ಅವರು ಕಾಣಲಿಲ್ಲ ಅಂತ ಕೇಳಿದ್ದೀರಿ. ಬಹುಶಃ ಮೊದಲ ಸೀಸನ್ನಿಂದ ಶುರು ಮಾಡಿದ್ದೀರಿ, ಅದಕ್ಕೇ ಹೀಗಾಗಿದೆ. ರಾಣಿಗೆ ವಯಸ್ಸಾದಂತೆ ಎರಡೆರಡು ಸೀಸನ್ನಿಗೆ ನಟಿ ಬದಲಾಗುತ್ತಾರೆ: ಮೊದಲೆರಡರಲ್ಲಿ ಕ್ಲೇರ್ ಫಾಯ್, 3 ಮತ್ತು 4ರಲ್ಲಿ ಕೋಲ್ಮನ್, ಆಮೇಲೆ ಇಮೆಲ್ಡಾ ಸ್ಟಾಂಟನ್. ನಾನೂ ಹೀಗೇ ಪೇಚಾಡಿದ್ದೆ.

ಸೀದಾ 3ಕ್ಕೆ ಹೋಗಿ, 2019ರದ್ದು. ಶುರುವಿನಲ್ಲೇ ಅಂಚೆಚೀಟಿಯ ಹಳೇ ಮುಖ, ಹೊಸ ಮುಖ ಎರಡನ್ನೂ ರಾಣಿಗೆ ತೋರಿಸುತ್ತಾರೆ, ನಟಿ ಬದಲಾದದ್ದನ್ನು ಹಾಗೇ ತಮಾಷೆಯಾಗಿ ಹೇಳಿಬಿಡುತ್ತಾರೆ.

ಅದಾದ ಮೇಲೆ ಕೋಲ್ಮನ್ ಪೊಲೀಸ್ ಆಗಿರುವ, 2013ರ ಕೊಲೆ ತನಿಖೆಯ ಧಾರಾವಾಹಿ ಬ್ರಾಡ್‌ಚರ್ಚ್ ನೋಡಿ. ರಜೆ ಮುಗಿಸಿ ಡ್ಯೂಟಿಗೆ ಬಂದ ಪೊಲೀಸಮ್ಮನಿಗೆ, ತನಗೆ ಸಿಗಬೇಕಿದ್ದ ಹುದ್ದೆ ಬೇರೆಯವನ ಪಾಲಾಗಿದೆ ಅಂತ ಗೊತ್ತಾದಾಗ ಆ ಮುಖ ನೋಡಬೇಕು! ನನಗಂತೂ, ಕೋಲ್ಮನ್‌ಗೆ ಆಸ್ಕರ್ ತಂದುಕೊಟ್ಟ, ನೀವು ಮೆಚ್ಚಿದ ದಿ ಫೇವರಿಟ್‌ಗಿಂತ ಇದೇ ಜಾಸ್ತಿ ಹಿಡಿಸಿತು. ಕೊಲೆ ಮಾಡಿದ್ದು ಯಾರು ಅಂತ ಮಾತ್ರ ಮೊದಲೇ ಹುಡುಕಬೇಡಿ.