ನೀರಿನ ಮಾತು: ತಾಂಜಾನಿಯಾಕ್ಕೆ ಹೋಗಲೇ, ಊರಲ್ಲೇ ಇರಲೇ?

ಪ್ರಶ್ನೆ: ಮೇಡಂ, ನಾನು ಮೈಸೂರಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ರಜೆಯಲ್ಲಿ ವಿದ್ಯಾರ್ಥಿಗಳ ತಂಡವೊಂದು ತಾಂಜಾನಿಯಾದ ಅರೂಶಾ ಕಡೆಯ ಹಳ್ಳಿಗಳಿಗೆ ಕುಡಿಯುವ ನೀರು ಒದಗಿಸುವ ಸ್ವಯಂಸೇವೆಗೆ ಹೊರಟಿದೆ. ಮೂರು ವಾರ. ಖರ್ಚು ನಮ್ಮದೇ, ಎರಡು ಲಕ್ಷದ ಹತ್ತಿರ ಆಗುತ್ತದೆ. ಅಪ್ಪ ‘ಊರಿಗೆ ಉಪಕಾರಿ, ಮನೆಗೆ ಮಾರಿ. ನಮ್ಮೂರ ಶುದ್ಧ ನೀರಿನ ಘಟಕವೇ ಕೆಟ್ಟು ಕೂತಿದೆ, ಮೊದಲು ಅದನ್ನು ನೋಡು’ ಅನ್ನುತ್ತಾರೆ. ಹೋಗುವುದು ತಪ್ಪೇ?
– ವಿದ್ಯಾರ್ಥಿನಿ, ಮದ್ದೂರು ತಾಲ್ಲೂಕು

ಉತ್ತರ: ತಪ್ಪೇನಲ್ಲ ಕಣಮ್ಮ. ಆದರೆ ಆ ಮೂರು ವಾರ ನಿನ್ನ ಕೈಯಲ್ಲಿ ಏನು ಕೆಲಸ ಮಾಡಿಸುತ್ತಾರೆ ಅಂತ ವಿಚಾರಿಸಿದ್ದೀಯಾ? ಗುಂಡಿ ತೋಡುವುದು, ಇಟ್ಟಿಗೆ ಹೊರುವುದು, ಟ್ಯಾಂಕಿಗೆ ಬಣ್ಣ ಬಳಿಯುವುದು ಅಂತಿದ್ದರೆ ದುಡ್ಡು ಉಳಿಸು. ಅಲ್ಲಿನ ಗಾರೆ ಕೆಲಸದವರು ನಿನಗಿಂತ ಚೆನ್ನಾಗಿ ಮಾಡುತ್ತಾರೆ, ಅವರಿಗೆ ಕೂಲಿಯೂ ಹುಟ್ಟುತ್ತದೆ.

ನೀರು ಪರೀಕ್ಷೆಯ ಲ್ಯಾಬಿನಲ್ಲೇ ತಲೆ ನರೆತವಳು ನಾನು. ಅರೂಶಾ ಅಂದ ತಕ್ಷಣ ನನಗೆ ಹೊಳೆಯುವುದು ಫ್ಲೋರೈಡ್, ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಲವಣ. ಅದು ಮೇರು ಎಂಬ ಜ್ವಾಲಾಮುಖಿಯ ತಪ್ಪಲು. (ನಮ್ಮ ಪುರಾಣದ ಮೇರುವಿಗೂ ಅದಕ್ಕೂ ಸಂಬಂಧವಿಲ್ಲ.) ಅಲ್ಲಿನ ಕಲ್ಲಿನಿಂದ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಬೇರೆ ನೀರು ಸಿಗದ ಹಳ್ಳಿಗಳಲ್ಲಿ 8ರವರೆಗೂ ನಡೆಯಲಿ ಎಂದು ತಾಂಜಾನಿಯಾ ಸರ್ಕಾರ ಒಂದು ಕಾಲದಲ್ಲಿ ಒಪ್ಪಿಕೊಂಡಿತ್ತು. ನೀರು ನೋಡಲು ತಿಳಿಯಾಗೇ ಇರುತ್ತದೆ. ಮಕ್ಕಳ ಹಲ್ಲು ಕಂದು ತಿರುಗಿದಾಗ, ದೊಡ್ಡವರ ಬೆನ್ನು ಬಾಗಿದಾಗಲೇ ಗೊತ್ತಾಗುವುದು. ಇಂಥ ಕಡೆ ಪರೀಕ್ಷೆ ಮಾಡದೆ ಬಾವಿ ತೋಡಿ, ಫೋಟೊ ಹೊಡೆಸಿಕೊಂಡು ಬಂದರೆ ಉಪಕಾರ ಹೇಗಾದೀತು? ಬಾಂಗ್ಲಾದೇಶದಲ್ಲಿ ಆದದ್ದು ಅದೇ. ಕೆರೆಕುಂಟೆ ನೀರಿನ ಭೇದಿ ತಪ್ಪಲಿ ಎಂದು 1970ರ ದಶಕದಿಂದ ಯುನಿಸೆಫ್ ನೆರವಿನಲ್ಲಿ ಕೊಳವೆಬಾವಿ ಹಾಕುತ್ತಾ ಹೋದರು. ನೆಲದಡಿಯ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಇದೆಯೇ ಎಂದು ನೋಡಿರಲಿಲ್ಲ. 1993ರಲ್ಲಿ ಅದು ಪತ್ತೆಯಾದ ಮೇಲೆ ಕುಡಿಯಬಾರದ ಕೈಪಂಪಿಗೆ ಕೆಂಪು, ಕುಡಿಯಬಹುದಾದ್ದಕ್ಕೆ ಹಸಿರು ಬಣ್ಣ ಬಳಿಯುವ ಕೆಲಸ ಬಿತ್ತು.

ಹಾಗಾಗಿ ಕರೆದೊಯ್ಯುವವರನ್ನು ನೇರವಾಗಿ ಕೇಳು: ನೀರಿನ ಪರೀಕ್ಷೆಯ ವರದಿ ಎಲ್ಲಿ? ಫಿಲ್ಟರ್ ಕೂರಿಸಿದರೆ ಒಳಗಿನ ಸರಕು ತೀರಿದಾಗ ಬದಲಿಸುವವರು ಯಾರು, ದುಡ್ಡು ಯಾರದು? ಆ ಕಡೆ ಮೂಳೆ ಇದ್ದಿಲಿನ ಫಿಲ್ಟರ್ ಬಳಕೆಯಲ್ಲಿದೆ. ದನದ ಮೂಳೆಯನ್ನು ಗಾಳಿ ಹೆಚ್ಚು ಆಡದ ಹಾಗೆ ಸುಟ್ಟು, ಪುಡಿಮಾಡಿ ಬಕೆಟ್ಟಿಗೆ ತುಂಬುತ್ತಾರೆ. ಫ್ಲೋರೈಡನ್ನು ಚೆನ್ನಾಗಿಯೇ ಹಿಡಿಯುತ್ತದೆ. (ನಮ್ಮ ಕಡೆ ಆ ನೀರು ಕುಡಿಯುವವರು ಎಷ್ಟು ಮಂದಿ ಸಿಕ್ಕಾರು, ನೀನೇ ಹೇಳು.) ಪಟಿಕ, ಸುಣ್ಣ ಹಾಕಿ ಕಲಕಿ ತಳಕ್ಕೆ ಕೂರಿಸುವ ನಮ್ಮವರ ನಲ್ಗೊಂಡ ವಿಧಾನವನ್ನೂ ಅಲ್ಲಿ ಬಕೆಟ್ಟಿನಲ್ಲಿ ಪ್ರಯೋಗಿಸಿದ್ದಾರೆ. ಎರಡಕ್ಕೂ ನಿಗಾ ಮಾಡುವ ಒಬ್ಬರು ಅಲ್ಲೇ ಇರಬೇಕು. ಹೋದ ಪುಟ್ಟ ಬಂದ ಪುಟ್ಟ ಅಂದರೆ ನಡೆಯುವುದಿಲ್ಲ.

ಇನ್ನೊಂದು. ಕಾಳು ಬೇಗ ಬೇಯಲಿ ಎಂದು ನಾವು ಚಿಟಿಕೆ ಸೋಡಾ ಹಾಕುವ ಹಾಗೆ ಅಲ್ಲಿ ‘ಮಗಾಡಿ’ ಎಂಬ ಕ್ಷಾರದ ಹರಳು ಹಾಕುತ್ತಾರೆ. ಅದರಲ್ಲೂ ಫ್ಲೋರೈಡ್ ಇರುತ್ತದೆ! ನೀರಿನ ಕೊಳಾಯಿ ಮಾತ್ರ ನೋಡಿ ಬಂದವರಿಗೆ ಇದು ಗೊತ್ತಾಗುವುದಿಲ್ಲ. ಹೆಂಗಸರ ಜೊತೆ ಒಲೆ ಮುಂದೆ ಕೂತವಳಿಗೆ ಗೊತ್ತಾಗುತ್ತದೆ.

ನಿಮ್ಮಪ್ಪನ ಮಾತು ಅರ್ಧ ಸರಿ. ಹೊರಡುವ ಮುಂಚೆ ನಿಮ್ಮ ಪಂಚಾಯಿತಿಯ ನೀರುಗಂಟಿ ಹಿಂದೆ ಒಂದಷ್ಟು ದಿನ ಸುತ್ತು. ಯಾವ ಬೀದಿಗೆ ನೀರು ಏರುವುದಿಲ್ಲ, ಬ್ಲೀಚಿಂಗ್ ಪುಡಿ ಎಷ್ಟು ಹಾಕಬೇಕು, ಮೋಟಾರ್ ಸುಟ್ಟರೆ ಯಾರಿಂದ ಬೈಸಿಕೊಳ್ಳಬೇಕು, ಎಲ್ಲಾ ಅವನಿಗೆ ಗೊತ್ತು. ಘಟಕ ಯಾಕೆ ನಿಂತಿತು ಅಂತಲೂ ಅವನನ್ನೇ ಕೇಳು: ನೀರು ಸೋಸುವ ಪೊರೆ (ಮೆಂಬ್ರೇನ್) ಕಟ್ಟಿಕೊಂಡಿತೋ, ಕರೆಂಟ್ ಬಿಲ್ ಬಾಕಿಯೋ, ನಾಣ್ಯದ ಪೆಟ್ಟಿಗೆ ಕೈಕೊಟ್ಟಿತೋ. ನಮ್ಮ ‘ಇಂಡಿಯಾ ಮಾರ್ಕ್ 2’ ಕೈಪಂಪು ಆಫ್ರಿಕಾದಲ್ಲೂ ಎಷ್ಟೋ ಕಡೆ ಇದೆ. ಊರವರೇ ಸ್ಪ್ಯಾನರ್ ಹಿಡಿದು ಬಿಚ್ಚಿ ಸರಿಮಾಡಲಿ ಎಂದೇ ರೂಪಿಸಿದ ‘ಆಫ್ರಿಡೆವ್’ ಪಂಪೂ ಇದೆ. ಆದರೂ 2009ರಲ್ಲಿ ಪ್ರಕಟವಾದ ಅಂದಾಜಿನಂತೆ ಸಹಾರಾದ ದಕ್ಷಿಣಕ್ಕಿರುವ ದೇಶಗಳಲ್ಲಿ ಸುಮಾರು ಮೂರರಲ್ಲೊಂದು ಕೈಪಂಪು ಕೆಟ್ಟು ನಿಂತಿತ್ತು. ಅಲ್ಲಿನ ಕಾರಣಗಳನ್ನು ಕೇಳುತ್ತಾ ಹೋದರೆ ನಿಮ್ಮೂರ ನೀರುಗಂಟಿಯ ಮಾತೇ ಕಿವಿಗೆ ಬೀಳಬಹುದು.

ಕೇಳಿದ್ದಕ್ಕೆಲ್ಲ ಸರಿಯಾದ ಉತ್ತರ ಕೊಟ್ಟು, ನೀರು ಪರೀಕ್ಷೆ ಮತ್ತು ದಾಖಲೆಯ ಕೆಲಸ ನಿನಗೆ ವಹಿಸಿದರೆ ಖುಷಿಯಾಗಿ ಹೋಗು. ಫೀಲ್ಡ್ ಕಿಟ್ ಬಳಸುವುದನ್ನು ಇಲ್ಲೇ ಕಲಿತುಕೋ. ಕಿಟ್ಟಿನಲ್ಲಿರುವ ಜಿರ್ಕೋನಿಯಂ ದ್ರಾವಣದ ನಸುಗೆಂಪು ಹಳದಿಗೆ ತಿರುಗಿದಷ್ಟೂ ಫ್ಲೋರೈಡ್ ಜಾಸ್ತಿ. ಫಲಿತಾಂಶವನ್ನು ಸ್ವಾಹಿಲಿಯಲ್ಲಿ ಬರೆಸಿ ಊರವರ ಕೈಗೇ ಕೊಟ್ಟು ಬಾ. ಕರೆದೊಯ್ಯುವವರು ಉತ್ತರಕ್ಕೆ ತಡವರಿಸಿದರೆ ಎರಡು ಲಕ್ಷ ಅಪ್ಪನ ಖಾತೆಯಲ್ಲೇ ಇರಲಿ.

ಪ್ರಶ್ನೆ: ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲವೇ?
– ಓದುಗ, ಕುವೆಂಪುನಗರ, ಮೈಸೂರು

ಉತ್ತರ: ಇಲ್ಲ ಸ್ವಾಮಿ. ಕುದಿಸಿದರೆ ಸಾಯುವುದು ರೋಗಾಣು. ಫ್ಲೋರೈಡ್ ಆವಿಯಾಗುವುದಿಲ್ಲ, ನೀರು ಬತ್ತಿದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ನೀವು ಕುಡಿಯುವುದು ಹೊಂಗಳ್ಳಿ, ಬೆಳಗೊಳದ ಕಡೆಯಿಂದ ಬರುವ ಕಾವೇರಿ ನೀರಾದರೆ ಈ ಚಿಂತೆ ಬೇಡ. ಮನೆಯ ಬೋರ್‌ವೆಲ್ ನೀರಾದರೆ ಒಮ್ಮೆ ಪರೀಕ್ಷೆ ಮಾಡಿಸಿ. ಸ್ಯಾಂಪಲ್ಲನ್ನು ಗಾಜಿನ ಬಾಟಲಿಯಲ್ಲಿ ಒಯ್ಯಬೇಡಿ, ಪ್ಲಾಸ್ಟಿಕ್ಕಿನದು ಇರಲಿ.